ಗೋಷಾ ಗಾಡಿ

ನಮ್ಮ ಬೀದಿಯಲ್ಲಿ ಗೋಷಾ ಎಂಬ ಮಾತಿಗೆ ಎರಡು ಅರ್ಥವಿತ್ತು. ಮುಸಲ್ಮಾನ ಹೆಂಗಸರು ಪರಪುರುಷರ ಕಣ್ಣಿಗೆ ಬೀಳದಂತೆ ಮರೆಯಲ್ಲಿರುವ ಪದ್ಧತಿ ಎಂಬುದು ಒಂದು. ಕೆಲಸ ತಪ್ಪಿಸಿಕೊಂಡು ಒಳಗೇ ಕೂತವರನ್ನು ‘ಏನು, ಗೋಷಾ ಹಿಡಿದ್ಯಾ?’ ಎಂದು ಛೇಡಿಸುವುದು ಇನ್ನೊಂದು. ನನ್ನ ಅಜ್ಜಿಯ ಬಾಯಲ್ಲಿ ಎರಡನೆಯದು ಹೊತ್ತುಹೊತ್ತಿಗೂ ಬರುತ್ತಿತ್ತು. ಮೊದಲನೆಯ ಅರ್ಥದವರನ್ನು ಕಂಡರೆ ಆಕೆಗೆ ಆಗುತ್ತಲೇ ಇರಲಿಲ್ಲ.

ನಾವು ದೊಡ್ಡಬಳ್ಳಾಪುರದ ನೇಕಾರರು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ ಅದು. ನೂಲು ಸಿಗುವುದೇ ದುಸ್ತರವಾಗಿತ್ತು. ಸಿಕ್ಕ ನೂಲನ್ನು ಮಗುವಿನಂತೆ ನೋಡಿಕೊಳ್ಳುತ್ತಿದ್ದರು. ಮನೆಯ ಯಜಮಾನಿಕೆ ಅಜ್ಜಿಯದು. ಅಪ್ಪ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತರೆ ಸಂಜೆಯವರೆಗೂ ಮಾತಿಲ್ಲ. ಅಮ್ಮನಿಗೆ ಮಾತಿತ್ತು, ಆದರೆ ಅಜ್ಜಿಯ ಎದುರಿಗೆ ಅದು ಗಂಟಲಲ್ಲೇ ನಿಲ್ಲುತ್ತಿತ್ತು. ನನಗೆ ಅಜ್ಜಿಯ ಮೇಲೆ ಸಿಟ್ಟಿತ್ತು, ಪ್ರೀತಿಯೂ ಇತ್ತು. ಎರಡನ್ನೂ ನಾನು ಇವತ್ತಿಗೂ ಬಿಟ್ಟಿಲ್ಲ.

ಹೆಣ್ಣುಮಕ್ಕಳ ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಬಣ್ಣದ ಅಂಗಡಿಯವರ ಮಗಳು. ನಮ್ಮ ಬೀದಿಯವರೆಲ್ಲ ನೂಲಿಗೆ ಹಾಕುವ ಬಣ್ಣವನ್ನು ಅವಳ ತಂದೆಯ ಅಂಗಡಿಯಲ್ಲೇ ಕೊಳ್ಳುತ್ತಿದ್ದರು. ಅವರ ಬಣ್ಣಕ್ಕೆ ಮೈಲಿಗೆ ಇರಲಿಲ್ಲ, ಅವರಿಗೆ ಮಾತ್ರ ಇತ್ತು. ಅವಳು ಬುರ್ಖಾ ಹಾಕಿಕೊಂಡು ಶಾಲೆಗೆ ಬರುತ್ತಿದ್ದಳು. ಆಗಿನ ಬುರ್ಖಾ ಕಪ್ಪಲ್ಲ, ತಲೆಯಿಂದ ಕಾಲಿನವರೆಗೆ ಇಳಿಬೀಳುವ ಬಿಳಿಯ ಬಟ್ಟೆ. ಶಾಲೆಯೊಳಗೆ ಕಾಲಿಟ್ಟ ಮೇಲೆ ತೆಗೆದು ಮಡಚಿ ಚೀಲದೊಳಗಿಡುತ್ತಿದ್ದಳು. ನಮ್ಮ ಬೀದಿಯ ಜನ ಅದನ್ನು ನಡೆಯುವ ಗುಡಾರ ಎನ್ನುತ್ತಿದ್ದರು. ಅದರೊಳಗೆ ಲೆಕ್ಕದಲ್ಲಿ ನನ್ನನ್ನು ಸದಾ ಸೋಲಿಸುವ, ಪಿಸುಮಾತಿನಲ್ಲಿ ಉಪಾಧ್ಯಾಯಿನಿಯರನ್ನು ಅಣಕಿಸಿ ನನ್ನನ್ನು ನಗಿಸಿ ಬೈಸುವ ಹುಡುಗಿಯೊಬ್ಬಳಿದ್ದಾಳೆಂಬುದು ಅವರಿಗೆ ಗೊತ್ತಿರಲಿಲ್ಲ.

ಲೋಯರ್ ಸೆಕೆಂಡರಿ ಪರೀಕ್ಷೆಗೆ ಕೆಲವೇ ತಿಂಗಳಿರುವಾಗ ನಾನು ಮೈನೆರೆದೆ. ಸೋದರಮಾವ ಬಂದು ಹಸಿರು ಸೊಪ್ಪಿನ ಗುಡ್ಲು ಹಾಕಿದ, ಆರತಿಯಾಯಿತು, ಚಿಗಳಿ ತಂಬಿಟ್ಟು ಹಂಚಿದರು. ಅದೆಲ್ಲ ಮುಗಿದ ಮೇಲೆ ನಾನು ಪುಸ್ತಕದ ಚೀಲ ಹುಡುಕಿದರೆ ಅದು ಅಟ್ಟಕ್ಕೇರಿತ್ತು.

‘ದೊಡ್ಡೋಳಾದೆ. ಪೇಟೆ ಬೀದೀಲಿ ಮುಖ ತೋರಿಸ್ಕೊಂಡು ಓಡಾಡಿದ್ರೆ ನಾಳೆ ಯಾರು ಮದ್ವೆ ಆಗ್ತಾರೆ? ಸುಮ್ನೆ ಕಂಡಿಕೆ ಸುತ್ತು’ ಎಂದಳು ಅಜ್ಜಿ.

ಕಂಡಿಕೆಯೆಂದರೆ ಲಾಳಿಯೊಳಗಿಡುವ ನೂಲಿನ ಸುತ್ತು. ರಾಟೆಯ ಮುಂದೆ ಕೂತು ಅದನ್ನು ಸುತ್ತುತ್ತಾ ಅಳುತ್ತಿದ್ದೆ. ಅತ್ತರೆ ನೂಲು ಒದ್ದೆಯಾಗುತ್ತದೆ ಎಂದು ಅದಕ್ಕೂ ಬೈಗುಳ. ಆ ಪರೀಕ್ಷೆ ಪಾಸಾದರೆ ಮುಂದೆ ಉಪಾಧ್ಯಾಯಿನಿಯಾಗಬಹುದು ಎಂದು ಶಾಲೆಯಲ್ಲಿ ಹೇಳಿದ್ದರು. ನನಗೆ ಬೇಕಾಗಿದ್ದುದು ಅದೊಂದೇ.

ಒಂದು ಮಧ್ಯಾಹ್ನ ಗೆಳತಿಯ ತಾಯಿ ನಮ್ಮ ಹಿತ್ತಲ ಬಾಗಿಲಿಗೆ ಬಂದರು. ಅಲ್ಲಿಂದಾಚೆಗೆ ಅವರಿಗೆ ಪ್ರವೇಶವಿರಲಿಲ್ಲ, ಅವರೂ ಬಯಸಲಿಲ್ಲ. ಸಾಬರ ಕನ್ನಡವೆಂದು ನಮ್ಮ ಕಡೆಯ ಹುಡುಗರು ಆಡಿಕೊಳ್ಳುತ್ತಿದ್ದರಲ್ಲ, ಅಂಥದ್ದೇನೂ ಆಕೆಯ ನಾಲಗೆಯಲ್ಲಿರಲಿಲ್ಲ. ತೂಬಗೆರೆಯಲ್ಲಿ ಹುಟ್ಟಿ ಬೆಳೆದವರು. ಅವರ ಮಾತು ಅಜ್ಜಿಯ ಮಾತಿನಂತೆಯೇ ಇತ್ತು.

‘ಅವ್ವಾ, ನನ್ನ ಮಗಳಿಗೆ ಗಾಡಿ ಗೊತ್ತು ಮಾಡಿದೀವಿ. ಪರದೆ ಕಟ್ಟಿರೋ ಜಟಕಾ. ನಿಮ್ಮ ಮೊಮ್ಮಗಳ್ನೂ ಅದ್ರಲ್ಲೇ ಕಳಿಸಿ. ಯಾರ ಕಣ್ಣಿಗೂ ಬೀಳಲ್ಲ’ ಎಂದರು.

‘ಗೋಷಾ ನಿಮ್ಗೆ ಬೂಬಮ್ಮ, ನಮ್ಗಲ್ಲ’ ಎಂದಳು ಅಜ್ಜಿ.

‘ಹಂಗಾದ್ರೆ ಹುಡ್ಗಿ ಮನೇಲಿ ಯಾಕೆ ಕೂತದೆ ಅವ್ವಾ? ನಮ್ಮ ಹುಡ್ಗಿ ಗೋಷಾದಲ್ಲಿದ್ದೂ ಶಾಲೆಗೋಗ್ತದೆ.’

ಅಷ್ಟರಲ್ಲಿ ಒಳಗೆ ಮಗ್ಗದ ಸದ್ದು ನಿಂತಿತು. ‘ಕಳಿಸವ್ವ’ ಎಂದರು ಅಪ್ಪ ಗುಂಡಿಯಿಂದಲೇ. ಆತ ತಾಯಿಗೆ ಎದುರಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಜ್ಜಿ ಸೋತಳು, ಆದರೆ ಷರತ್ತು ಹಾಕಿಯೇ ಸೋತಳು. ಗಾಡಿ ಹಿತ್ತಲ ಓಣಿಗೆ ಬರಬೇಕು, ಬೀದಿಗೆ ಗೊತ್ತಾಗಬಾರದು, ಅವರ ಕೈಯಿಂದ ನಾನು ಏನೂ ತಿನ್ನಬಾರದು, ಬಂದ ತಕ್ಷಣ ಸ್ನಾನ ಮಾಡಬೇಕು.

ಹೀಗೆ ನಾನು ಪರದೆಯೊಳಗೆ ಕೂತು ಶಾಲೆಗೆ ಹೋಗತೊಡಗಿದೆ. ಗಾಡಿಯವನು ‘ಗೋಷಾ, ಗೋಷಾ’ ಎಂದು ಕೂಗಿದರೆ ಗಂಡಸರು ಮುಖ ತಿರುಗಿಸಿ ದಾರಿ ಬಿಡುತ್ತಿದ್ದರು. ಕುಂಕುಮವಿಟ್ಟುಕೊಂಡ ನಾನೂ ಒಳಗಿದ್ದೇನೆಂದು ಯಾರಿಗೆ ಗೊತ್ತು? ನಾವಿಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆವು. ಬೀದಿಗೆ ಹಿರಿಯರೊಬ್ಬರಿದ್ದರು, ನ್ಯಾಯ ಪಂಚಾಯ್ತಿಗೆಲ್ಲ ಅವರೇ. ಅವರು ಒಮ್ಮೆ ನಮ್ಮ ಜಗಲಿಯ ಮೇಲೆ ಕೂತು, ‘ಇಬ್ರು ಸಾಬರ ಹುಡ್ಗೀರು ಗಾಡೀಲಿ ಓದಕ್ಕೋಗ್ತವಂತೆ ಕಣಜ್ಜಿ. ಕಾಲ ಕೆಟ್ಟೋಯ್ತು’ ಎಂದರು. ಅಜ್ಜಿ ಎಲೆಅಡಿಕೆಯನ್ನು ಬಾಯಿಗಿಟ್ಟುಕೊಂಡು ‘ಹೂಂ’ ಎಂದಳು. ಬಾಗಿಲ ಮರೆಯಲ್ಲಿದ್ದ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಪರೀಕ್ಷೆಯ ಮೊದಲ ದಿನ ಬಂತು. ಹಿಂದಿನ ಸಂಜೆ ಬೇಸಿಗೆ ಮಳೆ ಜೋರಾಗಿ ಬಂದು ಓಣಿಯ ಮಣ್ಣಿನ ಗೋಡೆ ಕುಸಿದಿತ್ತು. ನಮ್ಮ ಹಿತ್ತಲವರೆಗೆ ಬಂದ ಗಾಡಿ ಮುಂದೆ ಹೋಗುವಂತಿರಲಿಲ್ಲ. ಕೆರೆಯ ಕಡೆಯಿಂದ ಸುತ್ತಿ ಹೋದರೆ ಪರೀಕ್ಷೆ ಶುರುವಾಗಿಬಿಡುತ್ತದೆ ಎಂದ ಗಾಡಿಯವನು. ಮನೆ ಮುಂದಿನ ಬೀದಿಗೆ ಗಾಡಿ ತರುವ ಮಾತೇ ಇರಲಿಲ್ಲ. ಅಂದು ಅಪ್ಪ ಹಾಸು ಹಾಸಿದ್ದರು. ಹಾಸೆಂದರೆ ಸೀರೆಯ ಉದ್ದದ ಎಳೆಗಳು. ಅವನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಬಳಿದು, ಒಣಗುವವರೆಗೂ ಬಿಡದೆ ಕುಂಚದಲ್ಲಿ ಬಾಚಬೇಕು. ನಡುವೆ ಕೈಬಿಟ್ಟರೆ ಎಳೆಗಳು ಒಂದಕ್ಕೊಂದು ಅಂಟಿ ಇಡೀ ಹಾಸು ಹಾಳು. ಅದಕ್ಕೇ ಹಾಸು ಹಾಸಿದ ಮನೆಗೆ ಬೀದಿಯ ಗಂಡಸರೆಲ್ಲ ಕೈಹಚ್ಚುತ್ತಿದ್ದರು. ಎಲ್ಲರೂ ಹೊರಗೇ ಇದ್ದರು.

ಉಳಿದದ್ದು ನಡಿಗೆಯೊಂದೇ. ಹಿತ್ತಲಿನಿಂದ ಬೀದಿಗೆ ಹೋಗಲು ನಮ್ಮ ಮನೆಯ ನಡುವಿನ ದಾರಿಯೊಂದೇ.

ಗೆಳತಿ ಹಿತ್ತಲ ಹೊಸಿಲಿನ ಆಚೆ ನಿಂತಿದ್ದಳು. ನಾನು ಈಚೆ. ಅಜ್ಜಿ ನಮ್ಮಿಬ್ಬರ ನಡುವೆ. ನನಗೆ ಅಳು ಬಂದುಬಿಟ್ಟಿತು. ಪರೀಕ್ಷೆ ಹೋಯಿತು ಎಂದೇ ತಿಳಿದೆ.

‘ಅಜ್ಜಮ್ಮ, ಗಾಡಿ ಪರದೆ ಬಿಚ್ಚಿ ಕೊಡ್ತೀನಿ. ಇವ್ಳು ಹೊದ್ಕೊಂಡ್ರೆ ನಮ್ಮೋಳೇ ಅನ್ಕೋತಾರೆ. ಯಾರಿಗೂ ಗೊತ್ತಾಗಲ್ಲ’ ಎಂದಳು ಗೆಳತಿ ಮೆಲ್ಲಗೆ.

ಅಜ್ಜಿ ಪರದೆಯ ಕಡೆ ನೋಡಿದಳು. ಯೋಚಿಸಿದಳು, ಅದನ್ನು ನಾನು ಕಣ್ಣಾರೆ ಕಂಡೆ. ಹೊದಿಸಿ ಕಳಿಸಿದ್ದರೆ ಅಜ್ಜಿಯ ಗುಟ್ಟು ಉಳಿಯುತ್ತಿತ್ತು, ನನ್ನ ಪರೀಕ್ಷೆಯೂ ಉಳಿಯುತ್ತಿತ್ತು.

‘ಬೇಡ’ ಎಂದಳು. ‘ನೀನು ಹಾಕ್ಕೊಳ್ಳೋದು ನಿಮ್ಮ ಪದ್ಧತಿ. ಇವ್ಳು ಹಾಕ್ಕೊಂಡ್ರೆ ಕಳ್ಳತನ. ಪರೀಕ್ಷೆಗೆ ಹೋಗೋಕೆ ಕಳ್ಳತನ ಯಾಕೆ? ಒಳಗೆ ಬಾ.’

ಗೆಳತಿ ಚಪ್ಪಲಿ ಬಿಡಲು ಬಗ್ಗಿದಳು. ‘ಕೈಲಿ ಹಿಡ್ಕೊಂಡು ಬಾ, ಹೊತ್ತಾಗ್ತದೆ’ ಎಂದು ಅಜ್ಜಿ ಗದರಿದಳು. ಒಲೆಯ ಮುಂದಿದ್ದ ಅಮ್ಮ ಎದ್ದು ನಿಂತಳು. ಬುರ್ಖಾ ತೊಟ್ಟ ಹುಡುಗಿ ನಮ್ಮ ನಡುಮನೆ ಹಾದು, ಮಗ್ಗ ಹಾದು, ಮುಂಬಾಗಿಲಿಗೆ ಬಂದಳು. ಹಿಂದೆ ನಾನು, ಬರಿಮುಖದಲ್ಲಿ. ಅಜ್ಜಿಯೂ ಜೊತೆಗೇ ಹೊರಬಂದಳು.

ಬೀದಿಯಲ್ಲಿ ಹಾಸು ಹಿಡಿದ ಜಾಗ ಬಿಟ್ಟರೆ ಜಗಲಿಗಳ ಪಕ್ಕ ಒಬ್ಬರು ನಡೆಯುವಷ್ಟು ಎಡೆಯಿತ್ತು. ಎಲ್ಲರೂ ತಿರುಗಿ ನೋಡಿದರು, ಆದರೆ ಯಾರ ಕುಂಚವೂ ನಿಲ್ಲುವಂತಿರಲಿಲ್ಲ. ಅದೊಂದು ವಿಚಿತ್ರ ನೋಟ, ಕೈಗಳೆಲ್ಲ ನೂಲಿನ ಮೇಲೆ, ಕಣ್ಣುಗಳೆಲ್ಲ ನಮ್ಮ ಮೇಲೆ.

‘ಇದೇನಜ್ಜಿ, ಸಾಬರ ಹುಡ್ಗಿ ನಿಮ್ಮನೆ ಒಳಗಿಂದ ಬರ್ತಾವ್ಳೆ?’ ಎಂದರು ಆ ಹಿರಿಯರು.

‘ಗಾಡೀಲಿ ಓದಕ್ಕೋಗ್ತಿದ್ದ ಇಬ್ರು ಇವರೇ. ಒಬ್ಳು ನನ್ನ ಮೊಮ್ಮಗಳು. ಪರೀಕ್ಷೆ ಇದೆ, ಪಕ್ಕಕ್ಕೆ ಸರಿ.’

ಅವರು ಸರಿದರು. ಗೆಳತಿಯ ಬುರ್ಖಾದ ಅಂಚು ಗಾಳಿಗೆ ಹಾರಿ ಹಾಸಿನ ಒದ್ದೆ ಎಳೆಗಳಿಗೆ ತಗುಲುವಂತಾಯಿತು. ‘ಸೆರಗು ಎತ್ಕೋ ತಾಯಿ, ಗಂಜಿ ಅಂಟ್ತದೆ’ ಎಂದಳು ಅಜ್ಜಿ. ಗೆಳತಿಯ ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಪುಸ್ತಕ. ಅಜ್ಜಿ ತಾನೇ ಬಗ್ಗಿ ಆ ಅಂಚನ್ನು ಮುಷ್ಟಿಯಲ್ಲಿ ಹಿಡಿದು, ಬೀದಿಯ ಕೊನೆಯವರೆಗೂ ಅವಳ ಹಿಂದೆ ನಡೆದಳು. ಹಾಸು ಉಳಿಸಲೋ, ಹುಡುಗಿಯ ಬಟ್ಟೆ ಉಳಿಸಲೋ, ನಾನು ಕೇಳಲಿಲ್ಲ. ಅಪ್ಪ ಬಾಚುತ್ತಲೇ ನನ್ನ ಕಡೆ ನೋಡಿ ನಕ್ಕರು. ಪರೀಕ್ಷೆಯ ಗಂಟೆ ಹೊಡೆಯುವ ಮೊದಲೇ ನಾವು ಬೆಂಚಿನ ಮೇಲಿದ್ದೆವು.

ಈ ಕಥೆ ಕೇಳಿದ ಕೆಲವರು, ಆಮೇಲಾದರೂ ಅವಳಿಂದ ಬುರ್ಖಾ ಬಿಡಿಸಿದಿರಾ ಎಂದು ಕೇಳುತ್ತಾರೆ. ನನಗೆ ರೇಗಿಹೋಗುತ್ತದೆ. ಬಿಡಿಸಲು ನಾನ್ಯಾರು? ನನ್ನ ಕುಂಕುಮ ಅಳಿಸೆಂದು ಅವಳು ಒಂದು ದಿನವೂ ಕೇಳಲಿಲ್ಲ. ನಾವಿಬ್ಬರೂ ಉಪಾಧ್ಯಾಯಿನಿಯರಾದೆವು. ಅವಳು ಬುರ್ಖಾದಲ್ಲೇ ಶಾಲೆಗೆ ಹೋಗಿ, ಅದನ್ನು ಮಡಚಿಟ್ಟು, ಊರಿನ ಮಕ್ಕಳಿಗೆಲ್ಲ ಲೆಕ್ಕ ಕಲಿಸಿದಳು.

ಆ ಮೊದಲ ಪರೀಕ್ಷೆಯ ದಿನ ಸಂಜೆ ಅಜ್ಜಿ ಮನೆ ತೊಳೆಸಲಿಲ್ಲವೆಂದರೆ ಸುಳ್ಳಾದೀತು. ಹಿತ್ತಲಿನಿಂದ ಮುಂಬಾಗಿಲವರೆಗೆ ನೀರು ಹೊಯ್ಯಿಸಿ ತೊಳೆಸಿದಳು. ನಾನು ಕೋಪದಿಂದ ಊಟ ಬಿಟ್ಟೆ. ಮರುದಿನ ಓಣಿಯ ಮಣ್ಣು ತೆಗೆದಿದ್ದರು, ಗಾಡಿ ಎಂದಿನಂತೆ ಹಿತ್ತಲಿಗೆ ಬಂತು. ಅಜ್ಜಿ ಬಾಗಿಲಿಗೆ ಹೋಗಿ, ‘ಇವತ್ತು ಗಾಡಿ ಬೇಡ ಕಣಪ್ಪ, ನಡ್ಕೊಂಡೇ ಹೋಗ್ತಾರೆ’ ಎಂದು ಗಾಡಿಯವನನ್ನು ಕಳಿಸಿದಳು. ಗೆಳತಿಗೆ ‘ಬಾರಮ್ಮ’ ಎಂದಳು. ಅವಳು ಮನೆಯ ನಡುವೆ ಹಾದು ಬಂದಳು, ಇಬ್ಬರೂ ಮುಂಬಾಗಿಲಿನಿಂದ ಇಳಿದು ಹೋದೆವು.

ಸಂಜೆ ನಾನು ಮನೆಗೆ ಬಂದು ನೋಡಿದಾಗ ನೆಲ ಒಣಗಿಯೇ ಇತ್ತು.