ಕಿತ್ತರೂ ನೋಯದ ಕೂದಲು

ಪಶುವೈದ್ಯರು ನಮ್ಮ ನಾಯಿ ಗುಂಡನ ಬೆನ್ನಿನ ಒರಟು ಕೂದಲನ್ನು ಬೆರಳಲ್ಲಿ ಹಿಡಿದು ಕಿತ್ತೇಬಿಟ್ಟರು. ನಾನು ಕಿರುಚಿದೆ. ಗುಂಡ ಆಕಳಿಸಿದ.

ಮರುದಿನ ಮಗಳು ಹಸಿಗೂಸಿನೊಂದಿಗೆ ಆಸ್ಪತ್ರೆಯಿಂದ ಆಲ್ಕೊಳದ ನಮ್ಮ ಮನೆಗೆ ಬರುವವಳಿದ್ದಳು. ಸದಾ ಕೆರೆದುಕೊಳ್ಳುತ್ತಿದ್ದ ಗುಂಡನಿಗೆ ಕಜ್ಜಿಯೇ ಎಂದು ಅತ್ತೆ ಬೇವಿನೆಣ್ಣೆ ಹಚ್ಚಿ ಹಚ್ಚಿ ಸೋತು, ಕೂಸಿಗೂ ಅಂಟೀತೆಂದು ಅವನನ್ನು ಭದ್ರಾವತಿಯ ನಾದಿನಿ ಮನೆಗೆ ಸಾಗಿಸಲು ಹಟ ಹಿಡಿದಿದ್ದರು.

"ಕಜ್ಜಿಯೂ ಇಲ್ಲ, ಎಂಥದ್ದೂ ಇಲ್ಲಮ್ಮ. ಈ ತಳಿಗೆ ಸತ್ತ ಕೂದಲು ತಾನಾಗಿ ಉದುರಲ್ಲ, ಕೈಯಲ್ಲೇ ಕೀಳಬೇಕು. ಅದು ಉಳಿದಿದ್ದಕ್ಕೇ ಈ ತುರಿಕೆ. ಕಿತ್ತರೆ ನೋವಾಗಲ್ಲ," ಎಂದರು ಡಾಕ್ಟರ್. ಅಲ್ಲೇ ಬೆಂಚಿನ ಮೇಲೆ ಕೂತು ನಕ್ಕುಬಿಟ್ಟೆ.

ಈಗ ಸಂಜೆ ಅತ್ತೆಯೇ ಮೆಟ್ಟಿಲಲ್ಲಿ ಕೂತು, ಹೇನು ನೋಡುವ ಹಾಗೆ ಅವನ ಕೂದಲು ಕೀಳುತ್ತಾರೆ. ಒಳಗೆ ಕೂಸು ಅತ್ತರೆ, "ತಡಿಯೇ ಮಾರಾಯ್ತಿ, ಇವನದಿನ್ನೂ ಒಂದು ಪಕ್ಕೆ ಬಾಕಿ ಇದೆ!" ಎನ್ನುತ್ತಾರೆ.