ನಸುಕಿನಲ್ಲಿ ನೋವು ಅಳೆಯುವ ಅಸ್ಮಾ

ಮುಂಡರಗಿ ಕಡೆಯ ಡೋಣಿ ಎಂಬ ಹಳ್ಳಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಚಾಪೆಯಿಂದ ಏಳಲು ಇಪ್ಪತ್ತೊಂಬತ್ತರ ಮಾಂತೇಶ ಗೋಡೆ ಹಿಡಿದು ಹೆಣಗುತ್ತಿದ್ದಾನೆ. ಕೈ ಕೊಡಲು ಬಂದ ತಾಯಿ ಹುಚ್ಚವ್ವನನ್ನು ಅಸ್ಮಾ ತಡೆಯುತ್ತಾರೆ. "ಹಿಡೀಬ್ಯಾಡ ಯವ್ವಾ. ತಾನ ಏಳಾಕ ಎಷ್ಟೊತ್ತು ಹಿಡೀತೈತಿ ನೋಡೂಣು." ಹೇಳುತ್ತಲೇ ಗಡಿಯಾರ ನೋಡಿಕೊಳ್ಳುತ್ತಾರೆ.

ಬೆಟಗೇರಿಯ ಅಸ್ಮಾ ಡಾಕ್ಟರಲ್ಲ, ನರ್ಸೂ ಅಲ್ಲ. ಬೆನ್ನುಮೂಳೆಯ ಕೀಲುಗಳು ಉರಿಯೂತದಿಂದ ಬಿಗಿದುಕೊಳ್ಳುವ ಸಂಧಿವಾತ ಜನರ ಬದುಕನ್ನು ಎಷ್ಟು ಹಿಂಡಿದೆ ಎಂದು ಅಳೆದು, ಗದಗಿನ ಆಸ್ಪತ್ರೆಯೊಂದಕ್ಕೆ ತಿಳಿಸುವುದು ಅವರ ಕೆಲಸ. ಕಷ್ಟವೇ ಇಲ್ಲದಿದ್ದರೆ ಸೊನ್ನೆ, ತಡೆಯಲಾಗದಿದ್ದರೆ ಹತ್ತು. ಒಂಬತ್ತು ವರ್ಷಗಳಲ್ಲಿ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ನೂರೆಂಬತ್ತು ಮನೆಗಳಿಗೆ ಅವರ ಸ್ಕೂಟಿ ಹೋಗಿದೆ. ನಾಯಿಗಳು ಬೆನ್ನು ಹತ್ತಿವೆ. ಹೊತ್ತಲ್ಲದ ಹೊತ್ತಿನಲ್ಲಿ ಬಂದ ಹೆಂಗಸು ಯಾರೆಂದು ಜನ ಗದರಿಸಿದ್ದೂ ಇದೆ.

ಏನು ಮಾಡುವುದು, ಈ ಬೇನೆಯ ಸೊಕ್ಕೆಲ್ಲ ನಸುಕಿನಲ್ಲೇ! ಬಿಸಿಲೇರಿ ನಾಲ್ಕು ಹೆಜ್ಜೆ ಓಡಾಡಿದರೆ ಬಿಗಿತ ಸಡಿಲುತ್ತದೆ. ಹೋದ ವರ್ಷ ಬೇರೊಬ್ಬರು ಮಧ್ಯಾಹ್ನ ಬಂದು ಕೇಳಿದಾಗ ಮಾಂತೇಶ, "ಆರಾಮ ಅದೀನ್ರಿ" ಎಂದುಬಿಟ್ಟಿದ್ದ. ಕಾಲುಚೀಲ ಹಾಕಿಕೊಳ್ಳಲು ಕಷ್ಟವೇ ಎಂದಾಗಲೂ ಇಲ್ಲ ಎಂದಿದ್ದ. ಎಂದಾದರೂ ಕಾಲುಚೀಲ ಹಾಕಿದ್ದರಲ್ಲವೇ ಕಷ್ಟ ಗೊತ್ತಾಗುವುದು! ಅಂಕ ಬಂದದ್ದು ಎರಡು. ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಪಟ್ಟಿಗೆ ಕನಿಷ್ಠ ಆರು ಬೇಕು. ಮತ್ತೊಮ್ಮೆ ಅಳೆಯಲೇಬೇಕೆಂದು ಪಟ್ಟು ಹಿಡಿದವರು ಅಸ್ಮಾ. ಪಟ್ಟಿಗೆ ಹೆಸರು ಸೇರಿಸುವ ಗಡುವು ಈ ವಾರಕ್ಕೆ ಮುಗಿಯುತ್ತದೆ.

"ಬಂದವರ ಮುಂದ ನಮ್ಮ ಮಂದಿ ನೋವು ಹೇಳಂಗಿಲ್ರಿ," ಎನ್ನುತ್ತಾರೆ ಅವರು. "ಅದಕ್ಕ ಏಳೂದ್ರಾಗ ಬಂದು ಕುಂಡ್ರತೀನಿ. ಬಾಗಿ ಎತ್ತಿಗೆ ಮೇವು ಹಾಕಾಕ ಆಕ್ಕೈತೇನು, ನೆಲದ ಮ್ಯಾಲೆ ಕುಂತು ಉಣ್ಣಾಕ ಆಕ್ಕೈತೇನು ಅಂತ ಕೇಳತೀನಿ." ಆಸ್ಪತ್ರೆಯ ಪ್ರಶ್ನಾವಳಿಗೆ ಈ ಪ್ರಶ್ನೆಗಳನ್ನು ಸೇರಿಸಲು ಡಾಕ್ಟರ ಜೊತೆ ಮೂರು ವರ್ಷ ವಾದ ಮಾಡಿದ್ದಾರೆ. ಆ ಹಠಕ್ಕೆ ಶಾಭಾಸ್ ಅನ್ನಲೇಬೇಕು.

ಮಾಂತೇಶನ ಬೆನ್ನು ನೆಟ್ಟಗಾಗುವ ಹೊತ್ತಿಗೆ ನಲವತ್ತೆರಡು ನಿಮಿಷ ಕಳೆದಿವೆ.

"ಖರೆ ಹೇಳೋ ತಮ್ಮಾ, ಹತ್ತರಾಗ ಎಷ್ಟು?"

ಅವನು ತಾಯಿಯ ಮುಖ ನೋಡಿ ತಲೆ ತಗ್ಗಿಸುತ್ತಾನೆ. ಅಸ್ಮಾ ಅವಸರಿಸುವುದಿಲ್ಲ.

"ಎಂಟು ಬರ್ಕೋರಿ ಅಕ್ಕಾರ."

ಹುಚ್ಚವ್ವ ಸೆರಗು ಬಾಯಿಗೊತ್ತಿಕೊಳ್ಳುತ್ತಾರೆ. "ಎರಡ ವರ್ಷ ಇವನ್ನ ಮೈಗಳ್ಳ ಅಂತ ಬೈದೇನ್ರಿ. ನನ್ನ ಬಾಯಾಗ ಹುಳಾ ಬೀಳ್ಲಿ!"

ಅಸ್ಮಾ ಎಂಟು ಎಂದು ಬರೆದು, ಸಹಿ ಹಾಕಿ, ಹಾಳೆಯನ್ನು ಚೀಲಕ್ಕಿಡುತ್ತಾರೆ. ಇನ್ನು ಪಟ್ಟಿಯಲ್ಲಿ ಮಾಂತೇಶನ ಹೆಸರಿಗೆ ಅಡ್ಡಿಯಿಲ್ಲ. ಈಗ ಹುಚ್ಚವ್ವನ ಕೈ ಹಿಡಿದು ಕೂರಲು ಅವರಿಗೆ ಪುರುಸೊತ್ತಿದೆ.

ಅಸ್ಮಾಗೇನು ಆಸೆ ಎಂದು ಕೇಳಿದರೆ ನಗುತ್ತಾರೆ. "ಮುಂದಿನ ವರ್ಷ ಇಷ್ಟೊತ್ತಿಗೆ ನಾ ಬರೂದ್ರಾಗ ಇಂವ ಹೊಲಕ್ಕ ಹೋಗಿರ್ಬೇಕ್ರಿ. ಮನ್ಯಾಗ ಸಿಗದ, ನನ್ನ ಹಂಗ ತಿರುಗಿ ಕಳಸ್ಬೇಕು. ಅಷ್ಟಾದ್ರ ಸಾಕು."