ಕಾಲು ನೆಲಕ್ಕ ಮುಟ್ಟತಾವೇನ್ರಿ?

ನಲವತ್ತೊಂಬತ್ತನೆಯ ವಯಸ್ಸಿನವರೆಗೆ ನಾನು ಹೆಂಡತಿಯ ಹಿಂದೆ ಕೂತು ಊರು ನೋಡಿದವನು. ಇದನ್ನು ಹೇಳಿಕೊಳ್ಳಲು ನನಗೀಗ ನಾಚಿಕೆಯಿಲ್ಲ. ಇದ್ದಷ್ಟು ನಾಚಿಕೆ ಮೊದಲ ಎರಡು ವರ್ಷದಲ್ಲೇ ನಾಸಿಕದ ರಸ್ತೆಯ ತಗ್ಗುಗಳಲ್ಲಿ ಉದುರಿಹೋಯಿತು. ಸಾತಪುರದ ಕಾರ್ಖಾನೆಗೆ ಒಯ್ಯಲು ಕಂಪನಿಯ ಬಸ್ಸು ನಮ್ಮ ಓಣಿಯ ತಿರುವಿಗೇ ಬರುತ್ತಿತ್ತು. ಉಳಿದ ಕಡೆಗೆಲ್ಲ, ಕಾಯಿಪಲ್ಲೆಗಾಗಲಿ ಮದುವೆಗಾಗಲಿ ದವಾಖಾನೆಗಾಗಲಿ, ಮಹಾನಂದಾಳ ಸ್ಕೂಟರು. ಅವಳು ಮುಂದೆ, ನಾನು ಚೀಲ ತಬ್ಬಿಕೊಂಡು ಹಿಂದೆ.

ಅವಳು ಗಾಡಿ ಓಡಿಸುವುದನ್ನು ನೀವು ನೋಡಬೇಕಿತ್ತು. ಹಾರ್ನ್ ಬಾರಿಸುವುದು ಅವಳಿಗೆ ಕೆಟ್ಟ ಮಾತು ಆಡಿದಷ್ಟೇ ಸಂಕೋಚದ ಕೆಲಸ. ಒಮ್ಮೆ ಇಗತಪುರಿಯಲ್ಲಿ ಸಹೋದ್ಯೋಗಿಯೊಬ್ಬರ ಮಗಳ ಮದುವೆ ಮುಗಿಸಿ ಹೊರಟಾಗ ಆ ಊರಿನ ಮಳೆ ಹಿಡಿಯಿತು. ಮುಂದಿನ ಲಾರಿ ಕಾಣದಂಥ ಮಳೆ. ಗಂಡನಾದವನು ಏನಾದರೂ ಮಾಡಬೇಕಲ್ಲ ಎಂದು ನಾನು ಹಿಂದೆ ಕೂತಲ್ಲೇ ಛತ್ರಿ ಬಿಚ್ಚಿದೆ. “ರೀ, ಛತ್ರಿ ಮುಚ್ಚರಿ. ಇಬ್ಬರೂ ಹಾರಿ ಮನ್ಮಾಡಕ್ಕ ಹೋಗಿ ಬೀಳ್ತೀವಿ” ಎಂದಳು, ತಿರುಗಿಯೂ ನೋಡದೆ. ನಾನು ಛತ್ರಿ ಮುಚ್ಚಿ, ಅದರ ಜೊತೆಗೆ ಕಣ್ಣನ್ನೂ ಮುಚ್ಚಿಕೊಂಡೆ. ಕಣ್ಣು ತೆರೆದಾಗ ಮನೆಯ ಗೇಟು ಬಂದಿತ್ತು. ಅಂಥವಳ ಹಿಂದೆ ಕೂತವನಿಗೆ ಗಾಡಿ ಕಲಿಯುವ ಅಗತ್ಯ ಎಲ್ಲಿಂದ ಬರಬೇಕು?

ಇನ್ನೊಂದು ವಿಷಯವನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಅವಳು ನನಗಿಂತ ಮೂರು ಬೆರಳು ಎತ್ತರ. ಭಾಲ್ಕಿಯಲ್ಲಿ ನಮ್ಮ ಮದುವೆಯ ದಿನ ಫೋಟೋದವನು ಇದನ್ನು ಗಮನಿಸಿ, ಯಾರಿಗೂ ತಿಳಿಯದಂತೆ ನನ್ನ ಧೋತರದ ಮರೆಯಲ್ಲಿ ಒಂದು ಇಟ್ಟಿಗೆ ಸರಿಸಿಟ್ಟ. ನಾನು ಅದರ ಮೇಲೆ ನಿಂತೆ. ಇಂದಿಗೂ ಗೋಡೆಯ ಮೇಲಿನ ಆ ಫೋಟೋದಲ್ಲಿ ನಾನೇ ಎತ್ತರ. ಮದುಮಗಳು ನಾಚಿ ತಲೆ ತಗ್ಗಿಸಿ ನೆಲ ನೋಡುತ್ತಿದ್ದಳಾದ್ದರಿಂದ ಅವಳಿಗೇನೂ ಗೊತ್ತಾಗಿರಲಾರದು ಎಂದು ಇಪ್ಪತ್ತನಾಲ್ಕು ವರ್ಷ ನಂಬಿಕೊಂಡು ಬಂದೆ.

ಹೋದ ವರ್ಷ ಎರಡು ಸಂಗತಿ ಒಟ್ಟಿಗೆ ನಡೆದವು. ನನಗೆ ಛತ್ರಪತಿ ಸಂಭಾಜಿನಗರದ ವಾಳೂಜ್ ಕಾರ್ಖಾನೆಗೆ ವರ್ಗವಾಯಿತು. ಮಹಾನಂದಾ ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಳು. ಮೂಳೆ ಕೂಡಿತು, ಆದರೆ ಇನ್ನು ಮುಂದೆ ಹ್ಯಾಂಡಲ್ ಹಿಡಿಯುವಂತಿಲ್ಲ ಎಂದರು ಡಾಕ್ಟರು. ಅವಳು ಅಳಲಿಲ್ಲ. ಸ್ಕೂಟರನ್ನು ತಂಗಿಯ ಮಗಳಿಗೆ ಕೊಟ್ಟು ಕಳಿಸಿದ ದಿನ ಮಾತ್ರ, ಖಾಲಿ ಜಾಗ ನೋಡುತ್ತ ಕೇಳಿದಳು: “ಹೊಸಾ ಊರು. ನೀವು ಡ್ಯೂಟಿಗೆ ಹೋಗ್ತೀರಿ. ನಾ ಏನು ಮನ್ಯಾಗ ಕೂತು ಗ್ವಾಡಿ ನೋಡ್ಲೇನು?”

ಒಂದು ಗಳಿಗೆಯೂ ಮನೆಯಲ್ಲಿ ಕೂತವಳಲ್ಲ ಅವಳು. ನನ್ನ ಕರುಳು ಚುರುಕ್ ಎಂದಿತು. ಕರುಳು ಚುರುಕ್ ಎಂದಾಗ ಬಾಯಿ ತನ್ನ ಯೋಗ್ಯತೆ ಮರೆಯುತ್ತದೆ. “ಅಲ್ಲಿಗೆ ಹೋದ ಮೊದಲನೇ ಐತಾರ ನಾನೇ ನಿನಗ ನನ್ನ ಗಾಡಿ ಮ್ಯಾಲ ಪ್ಯಾಟಿಗೆ ಕರ್ಕೊಂಡು ಹೋಗ್ತೀನಿ” ಎಂದುಬಿಟ್ಟೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆ ಪ್ರಯಾಣ ಬೇಗ ಮುಗಿಯಿತು.

ಗಾಡಿ ಎಂದೊಡನೆ ಸಲಹೆಗಾರರು ಹುಟ್ಟಿಕೊಂಡರು. ಸಾತಪುರದಲ್ಲಿ ಶಿಫ್ಟ್ ಬಿಡುವ ಹೊತ್ತಿಗೆ ಪಾರ್ಕಿಂಗಿನಲ್ಲಿ ನಿಂತರೆ ನೂರು ಬಗೆಯ ಮೋಟಾರ್‌ಸೈಕಲ್ ಕಾಣುತ್ತವೆ, ಪ್ರತಿಯೊಂದರ ಯಜಮಾನನೂ ತನ್ನದನ್ನೇ ಕೊಳ್ಳಲು ಹೇಳುತ್ತಾನೆ. ಬೈಕಿನ ವಿಷಯದಲ್ಲೂ ಅಳಿಯನ ವಿಷಯದಲ್ಲೂ ತಾನು ಆರಿಸಿದ್ದು ತಪ್ಪಾಯಿತೆಂದು ಯಾರೂ ಬಾಯಿಬಿಡುವುದಿಲ್ಲ. ಆ ಗದ್ದಲದಲ್ಲಿ ತೂಕದ ಮಾತಾಡಿದವನು ನಮ್ಮ ವೆಲ್ಡಿಂಗ್ ವಿಭಾಗದ ಸೋಮನಾಥನೊಬ್ಬನೇ. ಎಂಜಿನ್ನು, ಮೈಲೇಜು ಯಾವುದನ್ನೂ ಎತ್ತಲಿಲ್ಲ. “ಕಾಕಾ, ಪಾಯ್ ಟೇಕ್‌ತಾತ್ ಕಾ?” ಎಂದ. ಕಾಲು ನೆಲಕ್ಕೆ ಊರುತ್ತವೆಯೇ ಎಂದು ಮರಾಠಿಯಲ್ಲಿ ಕೇಳಿದ್ದು. ಹೊಸಬನಿಗೆ ಗಾಡಿ ಹಗುರಾಗಿರಬೇಕು, ಸೀಟು ತಗ್ಗಾಗಿರಬೇಕು, ನಿಂತಾಗ ಎರಡೂ ಪಾದ ನೆಲದ ಮೇಲಿರಬೇಕು. ಓಡುವಾಗ ಬೀಳುವವರಿಗಿಂತ ನಿಂತಾಗ ಬೀಳುವವರೇ ಹೆಚ್ಚು ಎಂಬುದು ಅವನ ಸಿದ್ಧಾಂತ.

ಯೋಚಿಸಿದರೆ ಇದು ನಮ್ಮ ದೇವರುಗಳಿಗೆ ಎಂದೋ ತಿಳಿದಿದ್ದ ವಿಚಾರ. ಶಿವನ ಮಕ್ಕಳಲ್ಲಿ ಷಣ್ಮುಖ ನವಿಲನ್ನು ಆರಿಸಿಕೊಂಡ: ಬಣ್ಣ, ವೇಗ, ನೋಡಿದವರು ತಿರುಗಿ ನೋಡಬೇಕು. ಗಣಪ್ಪ ತನ್ನ ಮೈಕಟ್ಟು ಅರಿತು ಇಲಿಯನ್ನು ಆರಿಸಿಕೊಂಡ. ಹಗುರ, ಸಂದಿಯಲ್ಲಿ ನುಸುಳುತ್ತದೆ, ಮುಖ್ಯವಾಗಿ ಕೂತರೆ ಕಾಲು ನೆಲಕ್ಕೆ ಮುಟ್ಟುತ್ತವೆ. ಜಗತ್ತು ಸುತ್ತುವ ಪಂದ್ಯ ಗೆದ್ದವನು ಯಾರೆಂದು ನಿಮಗೆ ಗೊತ್ತೇ ಇದೆ.

ಇಲಿಯನ್ನು ಹುಡುಕಲು ನಾನು ಹೊರಟದ್ದು ನನ್ನ ವೃತ್ತಿಗೆ ತಕ್ಕಂತೆಯೇ. ಕಾರ್ಖಾನೆಯಲ್ಲಿ ನನ್ನ ಕೆಲಸ ಅಳೆಯುವುದು. ತಯಾರಾದ ತುಣುಕು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಹಿಡಿದು ಪಕ್ಕಕ್ಕಿಡುವ ತಪಾಸಣೆಯವನು ನಾನು. ಟೇಪು ಹಿಡಿದು ಪಾರ್ಕಿಂಗಿನ ಗಾಡಿಗಳ ಸೀಟುಗಳನ್ನೆಲ್ಲ ಅಳೆದೆ, ವಹಿಯಲ್ಲಿ ಬರೆದೆ, ಮೇಲೆ ಕೂತೆ. ಶಿಫ್ಟ್ ಬಿಟ್ಟು ಸಮವಸ್ತ್ರದಲ್ಲೇ ಶೋರೂಮಿಗೆ ಹೋಗಿ ಅಲ್ಲೂ ಕೂತೆ. ಒಂದು ಕಪ್ಪು ಬೈಕಿನ ಮೇಲೆ ಎರಡೂ ಪಾದಗಳು ಹಿಮ್ಮಡಿಸಹಿತ ನೆಲಕ್ಕೆ ಅಂಟಿದವು. ಅದನ್ನೇ ಗೊತ್ತು ಮಾಡಿದೆ. ನಂಬರು ಆ ಊರಿನದೇ ಇರಲಿ ಎಂದು ಬುಕಿಂಗನ್ನು ಸಂಭಾಜಿನಗರದಲ್ಲಿ ಮಾಡಿದೆ. ಅಲ್ಲಿಯವರೆಗೆ ಅಂಥದೇ ಗಾಡಿಯನ್ನು ಸೋಮನಾಥ ಐತವಾರದ ದಿನ ಕಾರ್ಖಾನೆಯ ಅಂಗಳದಲ್ಲಿ ಕಲಿಸಿದ. ಲೈಸೆನ್ಸೂ ಬಂತು. ಮಹಾನಂದಾ ಅದನ್ನು ದೇವರ ಮುಂದೆ ಇಟ್ಟಳು, ಯಾಕೆಂದು ನಾನು ಕೇಳಲಿಲ್ಲ.

ಹೊಸ ಊರಿನ ಮೊದಲ ಐತವಾರ ಗಾಡಿ ಬಂತು. ಅವಳು ವಿಭೂತಿ ಹಚ್ಚಿ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದಳು. ನಾನು ಇಸ್ತ್ರಿ ಅಂಗಿ ತೊಟ್ಟು, ಹೊಸ ಚಪ್ಪಲಿ ಮೆಟ್ಟಿದ್ದೆ. ಗೇಟಿನ ಕಟ್ಟೆಗೆ ಕಾಲು ಕೊಟ್ಟು ನಾನು ಗಾಡಿ ಹತ್ತಿದೆ. ಹೆಲ್ಮೆಟ್ ಹಾಕಿಕೊಂಡು ಅವಳು ಎರಡೂ ಕಡೆ ಕಾಲು ಹಾಕಿ ಹಿಂದೆ ಕೂತಳು. ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನ ಮುಂದೆ ಅವಳ ಬೆನ್ನಿರಲಿಲ್ಲ, ರಸ್ತೆಯಿತ್ತು. ಖುಷಿಯಾಯಿತು.

ಕ್ರಾಂತಿ ಚೌಕದ ಸಿಗ್ನಲ್ಲಿನವರೆಗೆ ಎಲ್ಲ ಚೆನ್ನಾಗಿತ್ತು. ಕೆಂಪು ದೀಪ ಬಿತ್ತು, ಬ್ರೇಕು ಹಿಡಿದೆ, ಕಾಲು ಇಳಿಸಿದೆ. ನೆಲ ಇರಲಿಲ್ಲ. ಇತ್ತು, ಆದರೆ ನಾನು ಅಳೆದಿಟ್ಟಿದ್ದ ಜಾಗದಲ್ಲಿರಲಿಲ್ಲ. ಆ ಅರ್ಧ ಕ್ಷಣದಲ್ಲಿ ನನಗೆ ಎಲ್ಲವೂ ಹೊಳೆಯಿತು. ಕಾರ್ಖಾನೆಯ ಗೇಟಿನೊಳಗೆ ಸೇಫ್ಟಿ ಶೂ ಇಲ್ಲದೆ ಕಾಲಿಡುವಂತಿಲ್ಲ. ಪಾರ್ಕಿಂಗಿನಲ್ಲಿ ಅಳೆದದ್ದು, ಶೋರೂಮಿನಲ್ಲಿ ಕೂತದ್ದು, ಅಂಗಳದಲ್ಲಿ ಕಲಿತದ್ದು, ಲೈಸೆನ್ಸಿನ ಪರೀಕ್ಷೆ ಕೊಟ್ಟದ್ದು ಎಲ್ಲವೂ ಆ ದಪ್ಪ ಅಟ್ಟೆಯ ಬೂಟಿನಲ್ಲೇ. ಕೂದಲೆಳೆಯ ದೋಷ ಹಿಡಿಯುವ ಮಹಾನುಭಾವ ತನ್ನ ಕಾಲಿಗೆ ಕಟ್ಟಿಕೊಂಡಿದ್ದ ಒಂದೂವರೆ ಅಂಗುಲವನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ!

ತುದಿಬೆರಳು ತಡಕಾಡಿತು, ಗಾಡಿ ಎಡಕ್ಕೆ ವಾಲಿತು. ಬಿದ್ದೆವು ಎಂದುಕೊಂಡೆ. ಅವಳ ಮಣಿಕಟ್ಟು ನೆನಪಾಯಿತು. ಆದರೆ ಗಾಡಿ ಬೀಳಲಿಲ್ಲ. ತಗ್ಗಿ ನೋಡಿದರೆ ನನ್ನ ತೇಲುವ ಚಪ್ಪಲಿಗಳ ಹಿಂದೆ ಎರಡು ಉದ್ದನೆಯ ಕಾಲುಗಳು ನೆಲಕ್ಕೆ ಗಟ್ಟಿಯಾಗಿ ಊರಿದ್ದವು.

“ನಾ ನಿಂತೀನಿ. ನೀವು ಆರಾಮ ಗೇರ್ ಹಾಕ್ರಿ” ಎಂದಳು ಹಿಂದಿನಿಂದ.

ಗುಲಮಂಡಿಯ ಪೇಟೆಯವರೆಗೆ ನಾಲ್ಕು ಸಿಗ್ನಲ್ಲಿನಲ್ಲೂ ಅವಳೇ ನಿಂತಳು. ಪೇಟೆ ಸುತ್ತಿದಳು, ಬಳೆ ನೋಡಿದಳು, ಅಂಗಡಿಯವರೊಂದಿಗೆ ಮರಾಠಿಯಲ್ಲಿ ಚೌಕಾಸಿ ಮಾಡಿದಳು. ಅವಳ ಮುಖದಲ್ಲಿ ಹಳೆಯ ಕಳೆ ಮರಳಿತ್ತು. ಮನೆಗೆ ಬಂದಮೇಲೆ ತಡೆಯಲಾರದೆ ಬೂಟಿನ ಕತೆ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಗೋಡೆಯ ಮೇಲಿನ ಮದುವೆ ಫೋಟೋದ ಧೂಳು ಸೆರಗಿನಿಂದ ಒರೆಸುತ್ತ ನಿಂತಳು.

“ಅವತ್ತೂ ಹಂಗೇ ಆಗಿತ್ತಲ್ರಿ” ಎಂದಳು. “ಆ ಇಟ್ಟಂಗಿ ಒಂದೇ ಸವನ ಅಲುಗಾಡ್ಲತ್ತಿತ್ತು. ನೀವು ಬಿದ್ದೀರಿ ಅಂತ ನಾನೇ ಕಾಲಲೇ ಒತ್ತಿ ಹಿಡಿದಿದ್ದೆ. ಅದಕ್ಕೇ ಕೆಳಗ ನೋಡ್ಲತ್ತಿದ್ದೆ.”

ನಾಚಿಕೆಯೆಂದು ನಾನು ತಿಳಿದದ್ದು ಅದು.

ಈಗ ಗೆಳೆಯರು, ಮೊದಲ ಬೈಕು ಯಾವುದು ಕೊಳ್ಳಲಿ ಎಂದು ನನ್ನನ್ನೂ ಕೇಳುತ್ತಾರೆ. ಹಗುರಾದದ್ದು ನೋಡಿ, ಕೂರುವ ಮೊದಲು ಬೂಟು ಬಿಚ್ಚಿ ಎನ್ನುತ್ತೇನೆ. ಆಮೇಲೆ ಹಿಂದೆ ಕೂರುವವರನ್ನೂ ಶೋರೂಮಿಗೆ ಕರೆದುಕೊಂಡು ಹೋಗಿ ಎನ್ನುತ್ತೇನೆ, ಅವರ ಕಾಲು ನೆಲಕ್ಕೆ ಮುಟ್ಟಿದರೂ ಸಾಕು.